ಮಗಳ ಮೊದಲ ಹುಟ್ಟುಹಬ್ಬಕ್ಕೆ ನಾವು ಬರೆದ ಹದಿನಾಲ್ಕು ಪತ್ರಗಳು

ನಮ್ಮ ಮಗಳು 31ನೇ ವಾರಕ್ಕೇ ಹುಟ್ಟಿದಳು. ಆಗ ಅವಳ ತೂಕ 1,480 ಗ್ರಾಂ. 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ ಎಂಬುದನ್ನೂ, ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಸಾಮಾನ್ಯವಾಗಿ 34ನೇ ವಾರದ ಹೊತ್ತಿಗೆ ಬರುತ್ತದೆ ಎಂಬುದನ್ನೂ ನಾನು ಕಲಿತದ್ದು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು. ಅವಳು ಅಲ್ಲಿ 38 ದಿನ ಇದ್ದಳು. ವರ್ಷ ತುಂಬುವ ದಿನ ಹತ್ತಿರ ಬಂದಾಗ ಹುಟ್ಟುಹಬ್ಬವನ್ನು ಹೇಗೆ ಮಾಡಬೇಕು ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಅವಳನ್ನು ಉಳಿಸಿಕೊಟ್ಟವರನ್ನು ನೆನೆಯದೆ ಆ ದಿನವನ್ನು ಆಚರಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಮೊದಲು ನಾನು ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆದೆ. ಓದಿದಾಗ ಅದರಲ್ಲಿ ಯಾರ ಮುಖವೂ ಕಾಣಲಿಲ್ಲ. ‘ನಿಮ್ಮೆಲ್ಲರ ಸಹಕಾರಕ್ಕೆ ಧನ್ಯವಾದಗಳು’ ಎಂಬ ಸಾಲನ್ನು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಅದನ್ನು ಬಿಟ್ಟು, ಆ 38 ದಿನಗಳ ಹಾಲಿನ ಲೆಕ್ಕದ ಪುಸ್ತಕವನ್ನು ಹೊರತೆಗೆದೆವು. ದಾದಿಯರೂ ನಾವೂ ಸರದಿಯಂತೆ ಬರೆದಿದ್ದ ಸಣ್ಣ ಪುಸ್ತಕ ಅದು. ಮೊದಲ ಪುಟದಲ್ಲಿ ‘2 ಮಿಲಿ, ನಳಿಕೆಯಲ್ಲಿ’ ಎಂದು ನೀಲಿ ಶಾಯಿಯಲ್ಲಿದೆ, ಕೊನೆಯ ಪುಟದ ಹೊತ್ತಿಗೆ ಅದು 35 ಮಿಲಿ ಆಗಿದೆ. ಪುಟ ತಿರುವುತ್ತ ಹೋದಂತೆ ಒಂದೊಂದು ಅಕ್ಷರದ ಹಿಂದೆ ಯಾರಿದ್ದರು, ಅವರು ಆ ಹೊತ್ತು ಏನು ಮಾಡಿದರು ಎಂಬುದು ನೆನಪಾಗುತ್ತ ಬಂತು. ಹಾಗೆ ಹದಿನಾಲ್ಕು ಮಂದಿಯ ಪಟ್ಟಿಯಾಯಿತು. ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಬೇಕು, ಪ್ರತಿ ಪತ್ರದಲ್ಲೂ ಅವರು ಮಾಡಿದ ಒಂದಾದರೂ ಕೆಲಸವನ್ನು ಹೆಸರಿಸಿ ಹೇಳಬೇಕು ಎಂದು ನಿಶ್ಚಯಿಸಿದೆವು.

ರಾತ್ರಿ ಪಾಳಿಯ ದಾದಿಯೊಬ್ಬರಿಗೆ ಬರೆದ ಪತ್ರ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಹನ್ನೊಂದನೆಯ ರಾತ್ರಿ ಮಗಳ ಉಸಿರು ಇದ್ದಕ್ಕಿದ್ದಂತೆ ನಿಂತು ಯಂತ್ರ ಕೂಗತೊಡಗಿತ್ತು. ಅವಧಿಗೆ ಮೊದಲು ಹುಟ್ಟಿದ ಮಕ್ಕಳಲ್ಲಿ ಉಸಿರಾಟವನ್ನು ನಿಯಂತ್ರಿಸುವ ಮಿದುಳಿನ ಭಾಗ ಇನ್ನೂ ಪಕ್ವವಾಗಿರುವುದಿಲ್ಲವಾದ್ದರಿಂದ ಹೀಗಾಗುವುದುಂಟು. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಆ ದಾದಿ ಬಂದು, ಒಂದು ಬೆರಳಿನಿಂದ ಮಗುವಿನ ಅಂಗಾಲನ್ನು ಮೆಲ್ಲಗೆ ತಟ್ಟಿದರು. ಎರಡನೆಯ ಬಾರಿ ತಟ್ಟಿದಾಗ ಎದೆ ಮೇಲೆದ್ದಿತು. ಅವರು ಏನೂ ಆಗಿಲ್ಲವೆಂಬಂತೆ ಪುಸ್ತಕದಲ್ಲಿ ಗಂಟೆಯನ್ನು ಬರೆದು ಮುಂದಿನ ಮಗುವಿನ ಬಳಿಗೆ ಹೋದರು. ಅವರಿಗೆ ಅದು ದಿನನಿತ್ಯದ ಕೆಲಸ, ನಮಗೆ ಅದೇ ಮಗಳ ಜೀವ. ಇದನ್ನಷ್ಟೇ ಬರೆದೆ.

ಇಬ್ಬರು ನಮಗೆ ಗೊತ್ತೇ ಇಲ್ಲದವರು. ಹೆಂಡತಿಗೆ ಮೊದಲ ವಾರ ಸಾಕಷ್ಟು ಹಾಲು ಬರದಿದ್ದಾಗ ಮಗಳು ಕುಡಿದದ್ದು ಎದೆಹಾಲಿನ ಬ್ಯಾಂಕಿನಿಂದ ತಂದ, 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು ಸೋಂಕುರಹಿತಗೊಳಿಸಿದ, ಯಾರೋ ತಾಯಿಯ ಹಾಲು. ಆ ತಾಯಿಯ ಹೆಸರನ್ನು ಬ್ಯಾಂಕಿನವರು ಹೇಳುವಂತಿರಲಿಲ್ಲ. ಹಾಗಾಗಿ ಪತ್ರವನ್ನು ‘ಹಾಲು ಕೊಟ್ಟ ತಾಯಿಗೆ’ ಎಂದು ಬರೆದು ಅವರ ಕೈಗೇ ಕೊಟ್ಟೆವು. ಹಾಲು ಕೊಡಲು ಬರುವ ತಾಯಂದಿರು ಕೂರುವ ಕೋಣೆಯಲ್ಲಿ ಅದನ್ನು ಅಂಟಿಸಲು ಒಪ್ಪಿದರು. ಇನ್ನೊಬ್ಬರು ರಕ್ತ ಕೊಟ್ಟವರು. ಮಗಳಿಗೆ ರಕ್ತಹೀನತೆಯಾದಾಗ ಹಾಕಿದ್ದು 22 ಮಿಲಿ ಮಾತ್ರ, ಆದರೆ ಅವಳ ತೂಕಕ್ಕೆ ಅದು ಸಣ್ಣ ಪ್ರಮಾಣವಲ್ಲ. ಆ ದಾನಿಗೆ ಪತ್ರ ತಲುಪಿಸುವ ದಾರಿಯೇ ಇರಲಿಲ್ಲ. ಆದ್ದರಿಂದ ಹುಟ್ಟುಹಬ್ಬದ ಹಿಂದಿನ ವಾರ ನಾನೇ ಹೋಗಿ ರಕ್ತ ಕೊಟ್ಟು ಬಂದೆ. ಪ್ರತಿ ವರ್ಷ ಇದೇ ವಾರದಲ್ಲಿ ಕೊಡಬೇಕೆಂದುಕೊಂಡಿದ್ದೇನೆ.

ಪತ್ರ ತಲುಪಿಸಲಾಗದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಮಗುವನ್ನು ಬರಿ ಎದೆಗೆ ಒತ್ತಿ ಹಿಡಿದು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭಿಸಿದವರು ಡಾ. ಎಡ್ಗರ್ ರೇ ಸನಾಬ್ರಿಯಾ. ಅಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿತ್ತು. ದಿನಕ್ಕೆ ನಾಲ್ಕು ಗಂಟೆ ನಾನು ಮಗಳನ್ನು ಹಾಗೆ ಎದೆಯ ಮೇಲೆ ಹೊತ್ತು ಕುಳಿತಿದ್ದೇನೆ. ಅವಳ ಹೆಗಲ ಮೇಲಿನ ಮೃದು ಕೂದಲು ನನ್ನ ಗಲ್ಲಕ್ಕೆ ತಾಗುತ್ತಿದ್ದುದು ಈಗಲೂ ನೆನಪಿದೆ.

ಹುಟ್ಟುಹಬ್ಬದ ಸಿದ್ಧತೆ ಹೆಚ್ಚೇನೂ ಇರಲಿಲ್ಲ. ಬೆಳಗಿನ ನಿದ್ದೆ ಮುಗಿಸಿ ಮಗಳು ಎದ್ದ ಮೇಲೆ ಒಂದು ಗಂಟೆ, ಹನ್ನೊಂದು ಜನ. ಬಲೂನುಗಳನ್ನು ತರಲಿಲ್ಲ, ಏಕೆಂದರೆ ಒಡೆದ ಬಲೂನಿನ ಚೂರು ಈ ವಯಸ್ಸಿನ ಮಗುವಿನ ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಬರುವವರಿಗೆ ಒಂದು ಮಾತನ್ನು ಮುಂಚೆಯೇ ತಿಳಿಸಿದ್ದೆವು: ಒಂಬತ್ತು ವಾರ ಮೊದಲೇ ಹುಟ್ಟಿದ್ದರಿಂದ, ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಈಗ ಹತ್ತು ತಿಂಗಳು. ಮಕ್ಕಳು ತಾವಾಗಿ ನಡೆಯಲು ಆರಂಭಿಸುವುದು ಸುಮಾರು 8ರಿಂದ 18 ತಿಂಗಳ ನಡುವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೇ ಹೇಳುತ್ತದೆ. ಆದ್ದರಿಂದ ‘ಇನ್ನೂ ನಡೆಯುವುದಿಲ್ಲವೇ’ ಎಂದು ದಯವಿಟ್ಟು ಕೇಳಬೇಡಿ ಎಂದು ಬರೆದೆವು. ಹೀಗೆ ಬರೆಯುವುದು ಸರಿಯೇ ಎಂದು ಹೆಂಡತಿ ಅನುಮಾನಿಸಿದಳು. ಆದರೆ ವರ್ಷವಿಡೀ ಆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅವಳೇ ಬಳಲಿದ್ದಳು, ಅದಕ್ಕೇ ನಾನು ಹಟ ಹಿಡಿದೆ.

ಆ ರಾತ್ರಿ ಪಾಳಿಯ ದಾದಿ ಬಂದರು. ಮಗಳನ್ನು ಎತ್ತಿಕೊಳ್ಳಲು ಅವರು ಕೈ ಚಾಚಿದ್ದೇ ತಡ, ಅವಳು ನನ್ನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ಮನೆ ತುಂಬ ಅತ್ತಳು. ನನಗೆ ಸಂಕೋಚವಾಗಿ ಕ್ಷಮೆ ಕೇಳಿದೆ.

“ಅಳಲಿ ಬಿಡಿ ಸರ್. ಹೊಸ ಮುಖ ಅಂತ ಗೊತ್ತಾಗ್ತಿದೆ ಅಲ್ವಾ, ಈ ವಯಸ್ಸಿಗೆ ಅದು ಗೊತ್ತಾಗಬೇಕು” ಎಂದರು.

ಹಾಲಿನ ಲೆಕ್ಕದ ಪುಸ್ತಕ ಮೇಜಿನ ಮೇಲಿತ್ತು. ಅವರು ಅದನ್ನು ತೆರೆದು ತಮ್ಮ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ಕೇಳಿ ಪಡೆದು, ಅವಳ ಈಗಿನ ತೂಕವೆಷ್ಟು ಎಂದು ವಿಚಾರಿಸಿ, ಕೊನೆಯ ಸಾಲಿನ ಕೆಳಗೆ ಅದೇ ದುಂಡು ಅಕ್ಷರದಲ್ಲಿ ದಿನಾಂಕ ಹಾಕಿ ಬರೆದರು: ‘8 ಕೆಜಿ 200 ಗ್ರಾಂ. ಅಳು ಜೋರಾಗಿದೆ.’