ಒಂಬತ್ತು ಇಂಟಿಗ್ರಲ್‌ಗಳಿಗೆ ಅಜ್ಜಿಮನೆಯಲ್ಲಿ ಜಾಗ

ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಪ್ರತಿ ಸೂತ್ರವನ್ನೂ ಬುಡದಿಂದ ಸಾಧಿಸುತ್ತಾ ಕೂರಲು ಪುರುಸೊತ್ತೆಲ್ಲಿ? "ಅರ್ಥವಾದರೆ ಸಾಕು, ಬಾಯಿಪಾಠ ಯಾಕೆ" ಎನ್ನುವವರು ಸೆಕೆಂಡ್ ಪಿಯುಸಿಯ ಇಂಟಿಗ್ರೇಷನ್ ಪಾಠವನ್ನೊಮ್ಮೆ ತೆರೆದು ನೋಡಬೇಕು. ಅಲ್ಲಿ ಒಂಬತ್ತು ವಿಶೇಷ ಸೂತ್ರಗಳಿವೆ. ಎಲ್ಲದರಲ್ಲೂ ಎಕ್ಸ್², ಎ². ಕೆಲವಕ್ಕೆ ರೂಟು, ಕೆಲವಕ್ಕಿಲ್ಲ. ಉತ್ತರ ಒಂದರಲ್ಲಿ ಲಾಗ್, ಇನ್ನೊಂದರಲ್ಲಿ ಸೈನ್ ಇನ್ವರ್ಸ್, ಮತ್ತೊಂದರಲ್ಲಿ ಟ್ಯಾನ್ ಇನ್ವರ್ಸ್. ಒಂದೇ ಮುಖದ ಒಂಬತ್ತು ಮಂದಿಯ ಹೆಸರು ನೆನಪಿಡುವ ಕೆಲಸ ಇದು. ಮಗ್ಗಿಯ ಹಾಗೆ ಉರು ಹೊಡೆದರೆ ರಾಗ ಬಾಯಿಗೆ ಬರುತ್ತದೆ, ಚಿಹ್ನೆ ಅದಲುಬದಲಾಗುತ್ತದೆ.

ನಾನು ಮಾಡಿದ್ದು ಹೀಗೆ. ಮೊದಲು ನೆನಪಿಡಬೇಕಾದ ಭಾರವನ್ನೇ ಇಳಿಸಿದೆ. ಫಿಸಿಕ್ಸಿನಲ್ಲಿ ಕಲಿಯುವ ಆಯಾಮ ವಿಶ್ಲೇಷಣೆ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಎಕ್ಸ್, ಎ, ಡಿಎಕ್ಸ್ ಮೂರೂ ಉದ್ದ ಅಂದುಕೊಳ್ಳಿ. ಡಿಎಕ್ಸ್ / (ಎಕ್ಸ್² + ಎ²) ಅಂದರೆ ಮೇಲೆ ಉದ್ದ, ಕೆಳಗೆ ಉದ್ದದ ವರ್ಗ. ಹಾಗಾಗಿ ಉತ್ತರದ ಹೊರಗೆ 1/ಎ ಇರಲೇಬೇಕು. ಛೇದದಲ್ಲಿ ರೂಟಿದ್ದರೆ ಮೇಲೂ ಕೆಳಗೂ ಉದ್ದವೇ, 1/ಎ ಬರುವ ಪ್ರಶ್ನೆಯೇ ಇಲ್ಲ. ರೂಟೇ ಮೇಲಿದ್ದರೆ ಉತ್ತರ ಉದ್ದದ ವರ್ಗ, ಅದಕ್ಕೇ ಅಲ್ಲಿ ಎ²/2 ಕಾಣಿಸುವುದು. ಇನ್ನು 1/2ಎ ಎಲ್ಲಿ? ಛೇದ (ಎಕ್ಸ್ − ಎ)(ಎಕ್ಸ್ + ಎ) ಎಂದು ಎರಡು ಹೋಳಾಗುವ ಕಡೆ. ಇಷ್ಟಕ್ಕೆ ಯಾವ ನೆನಪಿನ ತಂತ್ರವೂ ಬೇಡ.

ಆಮೇಲೆ ಉಳಿದದ್ದನ್ನು ಸಾಗರದ ಕಡೆ ಇರುವ ಅಜ್ಜಿಮನೆಯಲ್ಲಿ ಇಟ್ಟೆ. ಗೊತ್ತಿರುವ ಜಾಗದಲ್ಲಿ ಚಿತ್ರಗಳನ್ನಿಟ್ಟು, ಮನಸ್ಸಿನಲ್ಲೇ ಓಡಾಡಿ ಎತ್ತಿಕೊಳ್ಳುವ ಈ ವಿಧಾನ ಪ್ರಾಚೀನ ಗ್ರೀಕ್, ರೋಮನ್ ಭಾಷಣಕಾರರ ಕಾಲದ್ದು. ನನ್ನ ಹಂಚಿಕೆ ಸರಳ. ಅಂಗಳಕ್ಕೆ ಸೂರಿಲ್ಲ, ಅಲ್ಲಿ ರೂಟಿಲ್ಲದ ಮೂರು. ನಡುಮನೆಗೆ ಸೂರಿದೆ, ಅಲ್ಲಿ ಛೇದದಲ್ಲಿ ರೂಟಿರುವ ಮೂರು. ರೂಟು ಮೇಲಕ್ಕೇರಿದ ಮೂರು ಅಟ್ಟದಲ್ಲಿ. ಪ್ರತಿ ಕಡೆಯೂ ಎಡದಿಂದ ಬಲಕ್ಕೆ ಒಂದೇ ಕ್ರಮ: ಎಕ್ಸ್² + ಎ², ಎಕ್ಸ್² − ಎ², ಎ² − ಎಕ್ಸ್².

ಟ್ಯಾನ್ ಇನ್ವರ್ಸ್‌ಗೆ ಬೋರಲು ಬಿದ್ದ ನೀರಿನ ಟ್ಯಾಂಕು. ಸೈನ್ ಇನ್ವರ್ಸ್‌ಗೆ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲು. ಲಾಗ್‌ಗೆ ಲಾಗ ಹಾಕುವ ಹುಡುಗ. ಅಂಗಳದ ಎಡಕ್ಕೆ ತುಳಸಿಕಟ್ಟೆ, ಅದರ ಮೇಲೆ ಟ್ಯಾಂಕು ಕವುಚಿಕೊಂಡಿದೆ (ಅಜ್ಜಿ ಬೈಯುತ್ತಿದ್ದಾಳೆ, ಬೈಗುಳವಿದ್ದರೆ ಚಿತ್ರ ಬೇಗ ಅಂಟುತ್ತದೆ). ನಡುವೆ ಬಾವಿ, ಹುಡುಗ ಅದರೊಳಕ್ಕೆ ಲಾಗ ಹಾಕಿದ, ಕೆಳಕ್ಕೆ ಹೋದ, ಅಂದರೆ ಲಾಗ್‌ನ ಅಂಶದಲ್ಲಿ ಮೈನಸ್: (ಎಕ್ಸ್ − ಎ)/(ಎಕ್ಸ್ + ಎ). ಬಲಕ್ಕೆ ಹುಲ್ಲಿನ ಬಣವೆ, ಅದೇ ಹುಡುಗ ಅದರ ತುದಿಗೆ ಹಾರಿದ, ಅಂಶದಲ್ಲಿ ಪ್ಲಸ್: (ಎ + ಎಕ್ಸ್)/(ಎ − ಎಕ್ಸ್). ನನಗೆ ಅತಿ ಹೆಚ್ಚು ಕಾಟ ಕೊಟ್ಟ ಜೋಡಿ ಇದು. ಅನುಮಾನ ಬಂದರೆ ಎಕ್ಸ್ = 0 ಹಾಕಿ ನೋಡುತ್ತಿದ್ದೆ. ಎರಡನೆಯದರಲ್ಲಿ ಲಾಗ್ 1, ಅಂದರೆ ಸೊನ್ನೆ. ಎಕ್ಸ್ ಬೆಳೆದಂತೆ ಮೇಲಕ್ಕೇ ಹೋಗುತ್ತದೆ.

ನಡುಮನೆಯಲ್ಲಿ ಲಾಗ, ಲಾಗ, ಸೈಕಲ್ಲು. ಇಲ್ಲಿ ಲಾಗ್‌ನೊಳಗೆ ಎಕ್ಸ್ ಮತ್ತು ಅದೇ ರೂಟು ಕೂಡಿಕೊಂಡಿರುತ್ತವೆ, ಅಷ್ಟೆ. ಅಟ್ಟ ಹತ್ತುವಾಗ ನಡುಮನೆಯ ಉತ್ತರವನ್ನೇ ಎ²/2 ರಿಂದ ಗುಣಿಸಿ ಹೊತ್ತುಕೊಂಡು ಹೋಗಬೇಕು. ಅದರ ಮುಂದೆ ಎಕ್ಸ್/2 ಇಂಟು ರೂಟು. ಇವೆರಡರ ನಡುವೆ ಪ್ಲಸ್ಸೋ ಮೈನಸ್ಸೋ? ರೂಟಿನೊಳಗೆ ಎ² ಹೊತ್ತಿರುವ ಚಿಹ್ನೆಯೇ ಇಲ್ಲಿಯೂ. ಎಕ್ಸ್² − ಎ² ಇದ್ದಾಗ ಮಾತ್ರ ಮೈನಸ್. ಈ ಮಾತನ್ನು ಕ್ಲಾಸಿನಲ್ಲಿ ಯಾರೂ ಹೇಳಿಕೊಡಲಿಲ್ಲ, ಹೇಳಬಹುದಿತ್ತು.

ರಾತ್ರಿ ದೀಪ ಆರಿಸಿದ ಮೇಲೆ ಒಂದು ಸುತ್ತು, ಬೆಳಿಗ್ಗೆ ಖಾಲಿ ಹಾಳೆಯ ಮೇಲೆ ಬರೆದು ಒಂದು ಸುತ್ತು. ಆಮೇಲೆ ದಿನ ಬಿಟ್ಟು ದಿನ, ವಾರಕ್ಕೊಮ್ಮೆ. ಪುಸ್ತಕ ನೋಡಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅಂಕಿಗಳಿಗೆ ಮನೆ ಒಗ್ಗಲಿಲ್ಲ, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ ಕೊಡುವ ಕಟಪಯಾದಿ ಪದ್ಧತಿ ಒಗ್ಗಿತು. ಸಂಗೀತ ಕಲಿತವರಿಗೆ ಇದು ಗೊತ್ತು: 72 ಮೇಳಕರ್ತ (ಮೂಲ) ರಾಗಗಳಲ್ಲಿ ಧೀರಶಂಕರಾಭರಣದ 'ಧೀ' 9, 'ರ' 2, ತಿರುಗಿಸಿದರೆ 29ನೇ ಮೇಳ. ಕ, ಟ, ಪ, ಯ ನಾಲ್ಕೂ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲೇ ಎಣಿಕೆ, ಞ ಮತ್ತು ನ ಸೊನ್ನೆ. ಸಂಪ್ರದಾಯದಲ್ಲಿ ಬಲದಿಂದ ಎಡಕ್ಕೆ ಓದುತ್ತಾರೆ; ನಾನು ಹಟ ಮಾಡದೆ ಎಡದಿಂದಲೇ ಓದಿಕೊಂಡೆ. ರೂಟ್ 3 ಅಂದರೆ 'ಕಾಸುಗಾರ', 1.732. ರೂಟ್ 2 ಅಂದರೆ 'ಕಾವು ಕಾವು', 1.414. ಲಾಗ್ 2, ಹತ್ತರ ಆಧಾರದಲ್ಲಿ, 'ಬೆನಕ': 0.301. ಸಹಜ ಲಾಗ್‌ನ ಆಧಾರವಾದ ಇ (e) ಅಂದರೆ 'ರಥಪಾದ', 2.718. ಕೆಮಿಸ್ಟ್ರಿಯ ಪಿಎಚ್ ಲೆಕ್ಕಗಳಲ್ಲಿ ಬೆನಕ ಬಹಳ ಸಲ ಕೈಹಿಡಿದಿದ್ದಾನೆ.

ಎಲ್ಲಕ್ಕೂ ಚಿತ್ರ ಕಟ್ಟುವುದು ದಂಡ. ಸೈನ್ ಸಿ + ಸೈನ್ ಡಿ ಗುಂಪಿಗೆ ನಾನು ಏನೂ ಮಾಡಲಿಲ್ಲ. ಸೈನ್ (ಎ + ಬಿ), ಸೈನ್ (ಎ − ಬಿ) ಎರಡನ್ನೂ ಬರೆದು ಕೂಡಿಸಿದರೆ ಅರ್ಧ ನಿಮಿಷದಲ್ಲಿ ಸಿಗುತ್ತದೆ. ನಾಲ್ಕು ಚತುರ್ಥಕಗಳ ಚಿಹ್ನೆಗೆ ಎಲ್ಲರೂ ಹೇಳುವ 'ಆಲ್ ಸಿಲ್ವರ್ ಟೀ ಕಪ್ಸ್' ಸಾಕು: ಮೊದಲನೆಯದರಲ್ಲಿ ಎಲ್ಲವೂ ಪ್ಲಸ್, ಆಮೇಲೆ ಕ್ರಮವಾಗಿ ಸೈನ್, ಟ್ಯಾನ್, ಕಾಸ್.

ಎಂಜಿನಿಯರಿಂಗ್‌ಗೆ ಬಂದ ಮೇಲೆ ಲ್ಯಾಪ್ಲಾಸ್ ರೂಪಾಂತರಗಳ (ಟ್ರಾನ್ಸ್‌ಫಾರ್ಮ್) ಪಟ್ಟಿಗೆ ಹಿತ್ತಲನ್ನು ತೆರೆದೆ. ಬಚ್ಚಲ ಒಲೆಯ ಬಳಿ ಸೈನ್, ಮೇಲೆ ಎ. ಬಾಳೆಯ ಬುಡದಲ್ಲಿ ಕಾಸ್, ಮೇಲೆ ಎಸ್. ಎರಡರ ಛೇದವೂ ಎಸ್² + ಎ². ಹೈಪರ್‌ಬಾಲಿಕ್ ಜೋಡಿಗೆ ಬೇರೆ ಜಾಗ ಕೊಡಲಿಲ್ಲ, ಛೇದದ ಪ್ಲಸ್ಸನ್ನು ಮೈನಸ್ ಮಾಡಿದರೆ ಅವೂ ಅಲ್ಲೇ ಸಿಗುತ್ತವೆ.