ರೀಲ್ಸ್ ಬಿಡದ ಮಕ್ಕಳಿಗೆ: ಮೊದಲು ಚಾರ್ಜರ್ ಜಾಗ ಬದಲಿಸಿ

ತುಮಕೂರಿನ ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳ ಪೋಷಕರೇ, ಫೋನ್ ಏಕಾಏಕಿ ಕಿತ್ಕೋಬೇಡಿ. ಕದ್ದು ನೋಡೋದು ಶುರುವಾಗುತ್ತೆ. ಮೊದಲು ಚಾರ್ಜರನ್ನು ಅಡುಗೆಮನೆಗೆ ತನ್ನಿ. ರಾತ್ರಿ 9:30ಕ್ಕೆ ಎಲ್ಲರ ಫೋನೂ ಅಲ್ಲೇ, ಅಪ್ಪನದ್ದೂ ಸೇರಿ. ಅಲಾರಂ ನೆಪ ಬಂದೇ ಬರುತ್ತೆ, ಒಂದು ಟೈಂಪೀಸ್ ತಂದಿಡಿ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಇನ್‌ಸ್ಟಾಗ್ರಾಂಗೆ 30 ನಿಮಿಷದ ಟೈಮರ್ ಹಾಕಬಹುದು. ಆದರೆ ಅದನ್ನು ಮಕ್ಕಳೇ ತೆಗೆದುಬಿಡ್ತಾರೆ, ಇಲ್ಲವೇ ಕ್ರೋಮ್‌ನಲ್ಲಿ ಅದೇ ಇನ್‌ಸ್ಟಾ ತೆರೀತಾರೆ. ಅದಕ್ಕೆ ಪೋಷಕರಿಗೆಂದೇ ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ವಾಸಿ. ಮಿತಿ ನಿಮ್ಮ ಫೋನಿಂದಲೇ ಇಡಬಹುದು. ನೋಟಿಫಿಕೇಶನ್ ಪೂರ್ತಿ ಬಂದ್ ಮಾಡಿ.

25 ನಿಮಿಷ ಓದು, 5 ನಿಮಿಷ ಬಿಡುವು. ಬಿಡುವಿನಲ್ಲಿ ರೀಲ್ಸ್ ಬೇಡ, 5 ಹೋಗಿ 40 ಆಗುತ್ತೆ. ಮೊದಲ ವಾರ ಸಿಡಿಮಿಡಿ ಇದ್ದದ್ದೇ. ನಿದ್ದೆ, ಊಟ ಪೂರಾ ಕೆಟ್ಟರೆ ಮಾತ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗೆಂದೇ ಷಟ್ ಕ್ಲಿನಿಕ್ ಇದೆ.