ಹಗ್ಗ ಜಾಡಿಸಿ, ಅಲೆಯ ವೇಗ ಅಳೆಯಿರಿ

ಅಲೆ ಮುಂದೆ ಸಾಗುತ್ತದೆ, ನೀರು ಇದ್ದಲ್ಲೇ ಏರಿಳಿಯುತ್ತದೆ. ಈ ಮಾತನ್ನು ಎಲ್ಲರೂ ಶಾಲೆಯಲ್ಲಿ ಓದಿರುತ್ತೇವೆ. ಕಣ್ಣಾರೆ ಕಂಡವರು ಕಡಿಮೆ. ಒಂದು ಹಗ್ಗವಿದ್ದರೆ ಸಾಕು, ಅದನ್ನು ನೋಡಬಹುದು. ಅಲೆಯ ವೇಗವನ್ನೂ ಅಳೆಯಬಹುದು.

ಸುಮಾರು ಐದು ಮೀಟರ್ ಉದ್ದದ, ಕೊಂಚ ದಪ್ಪನೆಯ ಹತ್ತಿ ಹಗ್ಗ ತೆಗೆದುಕೊಳ್ಳಿ. ತೆಳು ನೈಲಾನ್ ದಾರ ಬೇಡ. ಅದು ಹಗುರ, ಅಲೆ ಕಣ್ಣಿಗೆ ಸಿಗದಷ್ಟು ಬೇಗ ಓಡಿಬಿಡುತ್ತದೆ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ. ನಡುವೆ ಒಂದು ಕೆಂಪು ದಾರ ಸುತ್ತಿ. ಇನ್ನೊಂದು ತುದಿ ಹಿಡಿದು ಒಮ್ಮೆ ಮಾತ್ರ ಮೇಲಕ್ಕೆ ಜಾಡಿಸಿ.

ಹಗ್ಗದಲ್ಲೊಂದು ಗೂನು ಎದ್ದು ಕಿಟಕಿಯತ್ತ ಓಡುತ್ತದೆ. ಕೆಂಪು ದಾರವನ್ನೇ ನೋಡುತ್ತಿರಿ. ಅದು ಮೇಲೆದ್ದು, ಇಳಿದು, ಮೊದಲಿದ್ದ ಜಾಗಕ್ಕೇ ಬರುತ್ತದೆ. ಕಿಟಕಿ ತಲುಪಿದ್ದು ಹಗ್ಗವಲ್ಲ, ನಿಮ್ಮ ಕೈ ಕೊಟ್ಟ ಶಕ್ತಿ. ಇನ್ನೊಂದು ಚೆಂದದ ಸಂಗತಿ: ಗೂನು ತಲೆಕೆಳಗಾಗಿ ವಾಪಸ್ ಬರುತ್ತದೆ. ಗೂನು ಸರಳನ್ನು ಮೇಲಕ್ಕೆಳೆದರೆ, ಸರಳು ಹಗ್ಗವನ್ನು ಕೆಳಕ್ಕೆಳೆಯುತ್ತದೆ, ಅದಕ್ಕೇ ಹೀಗೆ.

ಈಗ ಅಳತೆ. ಕೈಯಿಂದ ಸರಳಿನವರೆಗೆ ಸರಿಯಾಗಿ ನಾಲ್ಕು ಮೀಟರ್ ಇರಲಿ. ಹಗ್ಗವನ್ನು ಒಂದೇ ಬಿಗಿಯಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರಿ. ಒಂದು ಲಯ ಸಿಕ್ಕಿದೊಡನೆ ಇಡೀ ಹಗ್ಗ ಒಂದೇ ದೊಡ್ಡ ಕಮಾನಾಗಿ ತೂಗುತ್ತದೆ. ಆ ಕಮಾನು ಅಲೆಯ ಅರ್ಧ ಭಾಗ. ಅಂದರೆ ಪೂರ್ತಿ ಅಲೆಯ ಉದ್ದ, ತರಂಗದೂರ, 8 ಮೀಟರ್. ಗಡಿಯಾರ ನೋಡಿಕೊಂಡು 20 ಸಲ ಆಡಿಸಲು ಎಷ್ಟು ಹೊತ್ತಾಯಿತು ಎಂದು ಬರೆದಿಡಿ. 20 ಸೆಕೆಂಡ್ ಎಂದುಕೊಳ್ಳೋಣ. ಸೆಕೆಂಡಿಗೆ ಒಂದು ಸಲ, ಅಂದರೆ ಆವೃತ್ತಿ 1 ಹರ್ಟ್ಸ್. ಆವೃತ್ತಿಯನ್ನು ತರಂಗದೂರದಿಂದ ಗುಣಿಸಿದರೆ ವೇಗ: ಸೆಕೆಂಡಿಗೆ 8 ಮೀಟರ್.

ಇನ್ನೂ ಬೇಗ ಬೇಗ ಆಡಿಸಿ. ಹಗ್ಗ ಎರಡು ಕಮಾನಾಗಿ ಒಡೆಯುತ್ತದೆ, ನಟ್ಟನಡುವಿನ ಬಿಂದು ಬಹುತೇಕ ಅಲ್ಲಾಡುವುದೇ ಇಲ್ಲ. ಆ ಬಿಂದುವಿಗೆ ನಿಸ್ಪಂದ ಎನ್ನುತ್ತಾರೆ. ತರಂಗದೂರ 4 ಮೀಟರಿಗೆ ಇಳಿಯಿತು. ಮತ್ತೆ ಎಣಿಸಿ, 20 ಸಲಕ್ಕೆ ಈಗ 10 ಸೆಕೆಂಡಿನ ಆಸುಪಾಸು ಬರಬೇಕು. 2 ಹರ್ಟ್ಸ್, 4 ಮೀಟರ್. ವೇಗ ಮತ್ತೆ 8! ಲೆಕ್ಕ ತಪ್ಪಿದರೆ ಹಗ್ಗದ ಬಿಗಿ ಬದಲಾಗಿದೆಯೇ ನೋಡಿ. ಹೆಚ್ಚಿನ ತಪ್ಪು ಅಲ್ಲೇ ಆಗುವುದು.

ಕೈ ಎಷ್ಟೇ ಅವಸರ ಮಾಡಿದರೂ ಅಲೆಗೆ ಅವಸರವಿಲ್ಲ, ಅಲ್ವಾ? ವೇಗವನ್ನು ನಿರ್ಧರಿಸುವುದು ಹಗ್ಗದ ತೂಕ ಮತ್ತು ಬಿಗಿ. ಬಿಗಿ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟಾಗುತ್ತದೆ.

ಶಬ್ದದ ಅಲೆ ಹೀಗೆ ಏರಿಳಿಯುವುದಿಲ್ಲ. ಗಾಳಿಯನ್ನು ಒತ್ತುತ್ತಾ, ಸಡಿಲಿಸುತ್ತಾ ಸಾಗುತ್ತದೆ. ಆದರೆ ಲೆಕ್ಕ ಅದೇ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸಣ್ಣ ದನಿಗೂ ದಪ್ಪ ದನಿಗೂ ಅಷ್ಟೇ. ಮೈದಾನದ ಆಚೆ ತುದಿಯಲ್ಲಿ ನಿಂತು ಕೇಳಿದರೂ ಕೊಳಲಿನ ಸ್ವರ, ಡ್ರಮ್ಮಿನ ಪೆಟ್ಟು ಒಟ್ಟಿಗೇ ಕಿವಿಗೆ ಬೀಳುವುದು ಇದರಿಂದಲೇ.